ಲಾರಿ ಎಣ್ಣೆ ಬೈಕಿಗೆ ಹೇಗೆ ಬಂತು? ಗೇರ್ ಆಯಿಲ್ ಡಬ್ಬಿಯ ಮೇಲಿನ ಮೂರು ಗುರುತಿನ ಚರಿತ್ರೆ

ಗಂಗಾವತಿಯಿಂದ ಆನೆಗೊಂದಿ ಕಡೆ ಹೋಗುವ ರಸ್ತೆಯಲ್ಲಿ ನನಗೆ ಪರಿಚಯದ ಒಂದು ಗ್ಯಾರೇಜಿದೆ. ಟ್ರ್ಯಾಕ್ಟರ್, ಲಾರಿ, ಟಂಟಂ ಎಲ್ಲ ಅಲ್ಲಿಗೇ ಬರುತ್ತವೆ. ಒಂದು ದಿನ ಚಹಾ ಕುಡಿಯುತ್ತ ಕೂತಿದ್ದಾಗ ವಿದೇಶಿ ನಂಬರ್ ಪ್ಲೇಟಿನ ಹಳೆಯ ಬಿಎಂಡಬ್ಲ್ಯು ಬೈಕೊಂದು ಬಂದು ನಿಂತಿತು. ಓಡಿಸುತ್ತಿದ್ದವರು ಅರವತ್ತು ದಾಟಿದ ಜರ್ಮನ್ ಪ್ರವಾಸಿ. ಹಂಪಿ ನೋಡಿಕೊಂಡು ಗೋವಾಕ್ಕೆ ಹೊರಟಿದ್ದರು. ಹಿಂದಿನ ಚಕ್ರದ ಹತ್ತಿರ ಎಣ್ಣೆ ಜಿನುಗುತ್ತಿತ್ತು.

ಮಿಸ್ತ್ರಿ ಕೆಳಗೆ ಬಗ್ಗಿ ನೋಡಿ ನಕ್ಕ. “ಇದಕ್ಕ ಚೈನ ಇಲ್ಲಲ್ರೀ! ಲಾರಿ ಹಂಗ ಶಾಫ್ಟ್ ಐತಿ.”

ಗ್ಯಾರೇಜಿನ ಹುಡುಗರೆಲ್ಲ ಸುತ್ತ ನೆರೆದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದವರೆಗೆ ಒಂದು ದಪ್ಪ ಕೊಳವೆ. ಅದರೊಳಗೆ ತಿರುಗುವ ಸರಳು. ಕೊನೆಯಲ್ಲಿ ತೆಂಗಿನಕಾಯಿ ಗಾತ್ರದ ಒಂದು ಲೋಹದ ಡಬ್ಬಿ. ಆ ಡಬ್ಬಿಯ ಡ್ರೈನ್ ನಟ್ಟಿನ ವಾಸರ್ ಸವೆದು ಎಣ್ಣೆ ಸೋರುತ್ತಿತ್ತು. ತಾಮ್ರದ ವಾಸರ್ ಹತ್ತು ನಿಮಿಷದಲ್ಲಿ ಸಿಕ್ಕಿತು. ತೊಡಕಾಗಿದ್ದು ಎಣ್ಣೆಗೆ.

ಗ್ಯಾರೇಜಿನಲ್ಲಿ ಮೂರು ಡಬ್ಬಿ ಇದ್ದವು. ಒಂದು, ಟ್ರ್ಯಾಕ್ಟರಿನ ಗೇರು, ಬ್ರೇಕು, ಹೈಡ್ರಾಲಿಕ್ ಎಲ್ಲಕ್ಕೂ ಹಾಕುವ ಎಣ್ಣೆ. ಎರಡನೆಯದು ಜೀಪಿನ ಗೇರ್‌ಬಾಕ್ಸಿಗೆ ಹಾಕುವ 80ಡಬ್ಲ್ಯು-90, ಜಿಎಲ್-4. ಮೂರನೆಯದು ಲಾರಿಯ ಹಿಂದಿನ ಆಕ್ಸಲಿಗೆ ಹಾಕುವ ಇಪಿ 90, ಜಿಎಲ್-5. ಒಬ್ಬ ಹುಡುಗ ಟ್ರ್ಯಾಕ್ಟರ್ ಎಣ್ಣೆಯ ಡಬ್ಬಿ ಎತ್ತಿಕೊಂಡು ಬಂದ. ಮಿಸ್ತ್ರಿ ಕೈ ಅಡ್ಡ ಹಿಡಿದ. “ತಮ್ಮಾ, ಅದನ್ನ ಕೆಳಗಿಡು. ಮೊದಲ ನಂಬರ್ ಕೇಳು.”

ಅವನು ಹಾಗೆ ಹೇಳಿದ್ದಕ್ಕೆ ಒಂದು ಹಳೆಯ ಗಾಯ ಕಾರಣ. ಹಿಂದೆ ಬೀಗರ ಹಳೇ ಜೀಪಿಗೆ ಎಣ್ಣೆ ಬದಲಿಸುವಾಗ ಆಕ್ಸಲಿಗೂ ಗೇರ್‌ಬಾಕ್ಸಿಗೂ ಒಂದೇ ಜಿಎಲ್-5 ಎಣ್ಣೆ ಹಾಕಿದ್ದನಂತೆ. ಕೆಲವೇ ದಿನದಲ್ಲಿ ಗೇರು ಬೀಳುವಾಗ ಕರಕರ ಸದ್ದು ಶುರುವಾಯಿತು. ವರ್ಷ ಕಳೆದು ಬಿಚ್ಚಿ ನೋಡಿದರೆ ಒಳಗಿನ ಹಿತ್ತಾಳೆ ಬಳೆಗಳು ಕಪ್ಪಾಗಿ ಸವೆದಿದ್ದವು. ಖರ್ಚು ಇವನ ತಲೆಗೇ ಬಂತು. ಬೀಗರ ಮಾತು ಬೇರೆ.

“ನಾಕಕ್ಕಿಂತ ಐದು ದೊಡ್ಡದಲ್ಲೇನ್ರೀ? ದೊಡ್ಡದು ಹಾಕಿದ್ರ ಚಲೋ ಆಗಬೇಕಿತ್ತು, ಕೆಟ್ಟದ್ದ್ಯಾಕ ಆತು? ನೀವು ಓದಿದವ್ರು, ಹೇಳ್ರಿ” ಅಂತ ನನ್ನನ್ನು ಕೇಳಿದ. ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಡಬ್ಬಿಯ ಮೇಲಿನ ‘90’, ‘ಇಪಿ’, ‘ಜಿಎಲ್-5’ ಎಂಬ ಮೂರು ಗುರುತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಅದು ಗೊತ್ತಾದರೆ ಎಣ್ಣೆ ಆರಿಸುವುದು ಕಷ್ಟವಲ್ಲ.

ಕೀಲೆಣ್ಣೆಯ ಕಾಲ

ಎತ್ತಿನ ಗಾಡಿ ಹೊಡೆದವರಿಗೆ ಕೀಲೆಣ್ಣೆ ಗೊತ್ತು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತು ಹಾಕುತ್ತಿದ್ದರು. ಗಾಡಿ ಕಿರ್ರೆಂದರೆ ಕೀಲು ತೆಗೆದು ಅಚ್ಚಿಗೆ ಬಳಿಯುತ್ತಿದ್ದರು. ಬಟ್ಟೆಗೆ ತಾಗಿದರೆ ಕಲೆ ಹೋಗುತ್ತಿರಲಿಲ್ಲ.

ದಕ್ಷಿಣದವರು ಹರಳೆಣ್ಣೆ ಎನ್ನುವ ಈ ಔಡಲ ಎಣ್ಣೆ ಯಂತ್ರಗಳ ಲೋಕದಲ್ಲೂ ದೊಡ್ಡ ಹೆಸರು ಮಾಡಿದೆ. ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದು ಅದರ ಗುಣ. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಹಾಗಾಗಿ ಮೊದಲ ಮಹಾಯುದ್ಧದಲ್ಲಿ ವಿಮಾನಗಳ ತಿರುಗುವ ಎಂಜಿನ್ನುಗಳಿಗೆ ಔಡಲ ಎಣ್ಣೆಯನ್ನೇ ಹಾಕುತ್ತಿದ್ದರು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಔಡಲ ಎಣ್ಣೆ ಬೆರೆಸಿದ ಹೊಸ ಎಣ್ಣೆ ತಂದಾಗ ಅದಕ್ಕೆ ಇಟ್ಟ ಹೆಸರು ಕ್ಯಾಸ್ಟ್ರಾಲ್. ಇಂಗ್ಲಿಷಿನಲ್ಲಿ ಔಡಲಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಹೆಸರು ಹುಟ್ಟಿದ್ದು ಅಲ್ಲಿಂದ. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಔಡಲ ಬೆಳೆಯುವ ದೇಶ ಭಾರತ.

ಆದರೆ ಔಡಲ ಎಣ್ಣೆ ಬಿಸಿಗೆ ಬೇಗ ಕೆಡುತ್ತದೆ. ಗೋಂದಿನ ಹಾಗೆ ಅಂಟಾಗಿ ಕೂರುತ್ತದೆ. ಬಿಚ್ಚಿ ತೊಳೆದು ಮತ್ತೆ ಬಳಿಯುವ ಗಾಡಿ ಅಚ್ಚಿಗೆ ಇದು ತೊಂದರೆಯಲ್ಲ. ವರ್ಷಗಟ್ಟಲೆ ಮುಚ್ಚಿದ ಡಬ್ಬಿಯೊಳಗೆ ತಿರುಗುವ ಹಲ್ಲುಗಳಿಗೆ ತೊಂದರೆ.

ಮೊದಲ ಕಾಲದ ಕಾರುಗಳ ಹಿಂದಿನ ಆಕ್ಸಲಿಗೆ ಎಣ್ಣೆ ಹುಡುಕುವುದೂ ಹೀಗೇ ಅಂದಾಜಿನ ಕೆಲಸ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಆಕ್ಸಲಿಗೆ ಹಾಕುತ್ತಿದ್ದದ್ದು 600-ಡಬ್ಲ್ಯು ಎಂಬ ಕಾಕಂಬಿಯಂಥ ದಪ್ಪ ಎಣ್ಣೆ. ಅದು ಮೂಲತಃ ಉಗಿಯಂತ್ರದ ಸಿಲಿಂಡರಿಗೆಂದು ಮಾಡಿದ್ದು. ಎಣ್ಣೆ ದಪ್ಪ ಇದ್ದರೆ ಸಾಕು, ಹಲ್ಲು ಉಳಿಯುತ್ತದೆ ಎಂದು ಆ ಕಾಲದವರು ನಂಬಿದ್ದರು. ನಮ್ಮ ಕಡೆ ಈಗಲೂ ಅನೇಕರು ಹಾಗೇ ನಂಬುತ್ತಾರೆ.

ಚೈನಿಲ್ಲದ ಬೈಕು

ಚೈನಿಗೆ ಧೂಳು, ಕೆಸರು, ನೀರು ಮೂರೂ ಶತ್ರು. ಅದನ್ನು ಬಿಗಿಮಾಡಬೇಕು, ಎಣ್ಣೆ ಹಾಕಬೇಕು, ಸವೆದರೆ ಬದಲಿಸಬೇಕು. ಈ ಕಾಟ ತಪ್ಪಿಸಲು 1890ರ ದಶಕದಲ್ಲೇ ಚೈನಿಲ್ಲದ ಸೈಕಲ್ಲುಗಳು ಬಂದಿದ್ದವು. ಪೆಡಲಿನಿಂದ ಹಿಂದಿನ ಚಕ್ರಕ್ಕೆ ಒಂದು ಸರಳು, ಎರಡೂ ತುದಿಗೆ ಹಲ್ಲಿನ ಚಕ್ರ.

ಬೆಲ್ಜಿಯಂನ ಎಫ್‌ಎನ್ ಎಂಬ ಬಂದೂಕು ಕಾರ್ಖಾನೆ ಇದೇ ಉಪಾಯವನ್ನು ಮೋಟಾರ್ ಸೈಕಲ್ಲಿಗೆ ತಂದಿತು. ಪೌಲ್ ಕೆಲೆಕೊಮ್ ಎಂಬ ಎಂಜಿನಿಯರ್ ರೂಪಿಸಿದ ಎಫ್‌ಎನ್ ಫೋರ್ 1905ರಲ್ಲಿ ಮಾರಾಟಕ್ಕೆ ಬಂತು. ನಾಲ್ಕು ಸಿಲಿಂಡರ್, 362 ಸಿಸಿ. ಉಳಿದ ಬೈಕುಗಳು ಚರ್ಮದ ಬೆಲ್ಟಿನ ಮೇಲೆ ಓಡುತ್ತಿದ್ದ ಕಾಲದಲ್ಲಿ ಇದಕ್ಕೆ ಶಾಫ್ಟ್ ಇತ್ತು.

ಆದರೆ ಶಾಫ್ಟ್ ಬೈಕು ಅಂದಕೂಡಲೇ ಜನರಿಗೆ ನೆನಪಾಗುವುದು ಬಿಎಂಡಬ್ಲ್ಯು. ಅದರ ಹಿಂದೆ ಯುದ್ಧದ ಸೋಲಿನ ಕಥೆ ಇದೆ. ಬಿಎಂಡಬ್ಲ್ಯು ಮೊದಲು ಮಾಡುತ್ತಿದ್ದದ್ದು ವಿಮಾನದ ಎಂಜಿನ್. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ, 1919ರ ವರ್ಸೈ ಒಪ್ಪಂದದ ಪ್ರಕಾರ ವಿಮಾನದ ಎಂಜಿನ್ ಮಾಡುವಂತಿರಲಿಲ್ಲ. ಕಾರ್ಖಾನೆ ಉಳಿಯಲು ಬೇರೆ ದಾರಿ ಬೇಕಿತ್ತು. ವಿಮಾನದ ಎಂಜಿನ್ ಮಾಡಿದ್ದ ಮ್ಯಾಕ್ಸ್ ಫ್ರಿಟ್ಸ್ ಎಂಬ ಎಂಜಿನಿಯರೇ ಬೈಕ್ ರೂಪಿಸಲು ಕೂತರು. 1923ರಲ್ಲಿ ಆರ್32 ಬಂತು. 494 ಸಿಸಿ, ಎಂಟೂವರೆ ಅಶ್ವಶಕ್ತಿ. ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿದ್ದವು. ಹೀಗೆ ಕೂರಿಸಿದರೆ ಎಂಜಿನ್ನಿನ ಸರಳು ಬೈಕಿನ ಉದ್ದಕ್ಕೇ ಬರುತ್ತದೆ. ಅದರ ಹಿಂದೆ ಗೇರ್‌ಬಾಕ್ಸ್, ಅದರ ಹಿಂದೆ ಶಾಫ್ಟ್, ನೇರ ಚಕ್ರಕ್ಕೆ. ತಿರುವು ಒಂದೇ ಕಡೆ, ಚಕ್ರದ ಹತ್ತಿರ.

ಆ ಒಂದು ತಿರುವಿನಲ್ಲೇ ನಮ್ಮ ಎಣ್ಣೆಯ ಪ್ರಶ್ನೆ ಕೂತಿದೆ. ಉದ್ದಕ್ಕೆ ತಿರುಗುವ ಶಾಫ್ಟಿನ ಬಲವನ್ನು ಅಡ್ಡಕ್ಕೆ ತಿರುಗುವ ಚಕ್ರಕ್ಕೆ ಕೊಡಬೇಕು. ಅದಕ್ಕೆ ಒಂದು ಚಿಕ್ಕ ಪಿನಿಯನ್, ಒಂದು ದೊಡ್ಡ ಕ್ರೌನ್. ಲಾರಿಯ ಹಿಂದಿನ ಆಕ್ಸಲಿನಲ್ಲಿರುವ ಕ್ರೌನ್-ಪಿನಿಯನ್ನೇ ಇದು, ಗಾತ್ರ ಮಾತ್ರ ಚಿಕ್ಕದು.

ಉಜ್ಜುವ ಹಲ್ಲು

ಅಮೆರಿಕದ ರೋಚೆಸ್ಟರ್ ಊರಿನಲ್ಲಿ ವಿಲಿಯಂ ಗ್ಲೀಸನ್ ಎಂಬವರು 1874ರಲ್ಲೇ ಇಂಥ ಓರೆ ಹಲ್ಲು ಕೊರೆಯುವ ಯಂತ್ರ ಮಾಡಿದ್ದರು. ಮೊದಲು ಹಲ್ಲುಗಳು ನೇರವಾಗಿದ್ದವು. ಸದ್ದು ಜಾಸ್ತಿ. ಆಮೇಲೆ ಹಲ್ಲನ್ನು ಬಿಲ್ಲಿನ ಹಾಗೆ ಬಾಗಿಸಿ ಕೊರೆಯುವುದು ಬಂತು. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿಯುತ್ತದೆ. ಸದ್ದು ಕಡಿಮೆ, ಬಲ ಹೆಚ್ಚು.

1920ರ ದಶಕದ ನಡುವಿನಲ್ಲಿ ಅದೇ ಗ್ಲೀಸನ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಿನಿಯನ್ನನ್ನು ಕ್ರೌನಿನ ನಡುಮಧ್ಯಕ್ಕೆ ಹಿಡಿಸದೆ ಸ್ವಲ್ಪ ಕೆಳಗೆ ಸರಿಸಿತು. ಇದೇ ಹೈಪಾಯ್ಡ್ ಗೇರ್. ಪ್ಯಾಕಾರ್ಡ್ ಎಂಬ ಕಾರು ಕಂಪನಿ ಇದನ್ನು ಮೊದಲಿಗೆ ಬಳಸಿತು. ಪಿನಿಯನ್ ಕೆಳಗಿಳಿದರೆ ಶಾಫ್ಟೂ ಕೆಳಗಿಳಿಯುತ್ತದೆ, ಕಾರಿನ ನೆಲವೂ ತಗ್ಗುತ್ತದೆ. ಪಿನಿಯನ್ ದಪ್ಪ ಮಾಡಬಹುದು, ಅದಕ್ಕೆ ಬಲವೂ ಬರುತ್ತದೆ.

ಆದರೆ ಒಂದು ತೊಡಕು ಹುಟ್ಟಿತು. ಮೊದಲಿನ ಹಲ್ಲುಗಳು ಒಂದರ ಮೇಲೊಂದು ಹೆಚ್ಚಾಗಿ ಉರುಳುತ್ತಿದ್ದವು. ಹೈಪಾಯ್ಡ್ ಹಲ್ಲುಗಳು ಉರುಳುತ್ತಲೇ ಉದ್ದಕ್ಕೂ ಉಜ್ಜಿಕೊಳ್ಳುತ್ತವೆ. ಬೀಸುಕಲ್ಲಿನ ಮೇಲೆ ಭಾರ ಹಾಕಿ ಬೀಸಿದ ಹಾಗೆ. ಆ ಒತ್ತಡಕ್ಕೆ ನಡುವಿನ ಎಣ್ಣೆ ಪದರ ಹಿಂಡಿಹೋಗುತ್ತದೆ. ಲೋಹಕ್ಕೆ ಲೋಹ ತಾಗಿ, ಆ ಬಿಸಿಗೆ ಚುಕ್ಕೆಚುಕ್ಕೆಯಾಗಿ ಬೆಸೆದು, ಮರುಕ್ಷಣ ಕಿತ್ತುಬರುತ್ತದೆ. ಹಲ್ಲಿನ ಮುಖ ಗಾಯವಾಗುತ್ತದೆ. ಎಷ್ಟೇ ದಪ್ಪ ಎಣ್ಣೆ ಹಾಕಿದರೂ ಇದು ನಿಲ್ಲಲಿಲ್ಲ. ದಪ್ಪ ಇದ್ದರೆ ಸಾಕು ಎಂಬ ನಂಬಿಕೆ ಇಲ್ಲಿಗೆ ಮುಗಿಯಿತು.

‘ಇಪಿ’ ಎಂಬ ಗುರುತು

ಪರಿಹಾರ ಬಂದದ್ದು ರಸಾಯನಶಾಸ್ತ್ರದಿಂದ. ಎಣ್ಣೆಗೆ ಗಂಧಕ ಬೆರೆಸಿದರು. ಮೊದಮೊದಲು ಗಂಧಕದ ಜೊತೆ ಸೀಸದ ಸಾಬೂನು, ಆಮೇಲೆ ಕ್ಲೋರಿನ್, ಕೊನೆಗೆ ಗಂಧಕ ಮತ್ತು ರಂಜಕದ ಜೋಡಿ. ಇವತ್ತಿನ ಗೇರ್ ಎಣ್ಣೆಯಲ್ಲಿ ಹೆಚ್ಚಾಗಿ ಇರುವುದು ಈ ಕೊನೆಯ ಜೋಡಿಯೇ. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಕೊಳೆತ ವಾಸನೆ ಗಂಧಕದ್ದು.

ಅದರ ಕೆಲಸ ಹೀಗೆ. ಎಣ್ಣೆ ಪದರ ಹಿಂಡಿಹೋಗಿ ಎರಡು ಹಲ್ಲು ತಾಗಿದ ಜಾಗದಲ್ಲಿ ಒಂದು ಕ್ಷಣ ವಿಪರೀತ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಗಂಧಕ ಎಚ್ಚೆತ್ತು ಕಬ್ಬಿಣದ ಜೊತೆ ಸೇರಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಹಲ್ಲಿನ ಬದಲು ಆ ಪೊರೆ ಸವೆಯುತ್ತದೆ. ಸವೆದಲ್ಲಿ ಮತ್ತೆ ಹೊಸ ಪೊರೆ. ಡಬ್ಬಿಯ ಮೇಲಿನ ‘ಇಪಿ’ ಅಂದರೆ ಇದೇ: ವಿಪರೀತ ಒತ್ತಡ ತಡೆಯುವ ಎಣ್ಣೆ.

ಮಿಸ್ತ್ರಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಉಕ್ಕನ್ನು ಕಾಯುವ ಇದೇ ಗಂಧಕ ತಾಮ್ರ, ಹಿತ್ತಾಳೆ, ಕಂಚಿಗೆ ಒಗ್ಗುವುದಿಲ್ಲ. ಬಿಸಿಯಾದಾಗ ತಾಮ್ರದ ಜೊತೆ ಸೇರಿ ಕಪ್ಪು ಮಾಡುತ್ತದೆ, ನಿಧಾನಕ್ಕೆ ತಿನ್ನುತ್ತದೆ. ಜೀಪಿನ ಗೇರ್‌ಬಾಕ್ಸಿನಲ್ಲಿ ಗೇರ್ ಹೊಂದಿಸುವ ಬಳೆಗಳು ಹಿತ್ತಾಳೆಯವು. ಅಷ್ಟೇ ಅಲ್ಲ, ಆ ಬಳೆಗಳು ಉಜ್ಜಿ ಹಿಡಿದರೆ ಮಾತ್ರ ಗೇರು ಸಲೀಸಾಗಿ ಬೀಳುತ್ತದೆ. ಎಣ್ಣೆ ಅತಿಯಾಗಿ ಜಾರಿದರೆ ಹಿಡಿತ ತಪ್ಪಿ ಕರಕರ ಅನ್ನುತ್ತದೆ. ಈಗಿನ ಒಳ್ಳೆಯ ಜಿಎಲ್-5 ಎಣ್ಣೆಗಳಲ್ಲಿ ಗಂಧಕವನ್ನು ಹದ್ದಿನಲ್ಲಿಡುವ ಮದ್ದೂ ಇರುತ್ತದೆ, ತಾಮ್ರಕ್ಕೆ ಮೊದಲಿನಷ್ಟು ಕಾಟವಿಲ್ಲ. ಆದರೂ ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಜಿಎಲ್-4 ಹಾಕುವುದೇ ಸರಿ.

ಮರಳುಗಾಡು ಮತ್ತು ಸೈನ್ಯದ ಪರೀಕ್ಷೆ

ಶಾಫ್ಟ್ ಬೈಕಿನ ಬೆಲೆ ಜಗತ್ತಿಗೆ ಗೊತ್ತಾದದ್ದು ಎರಡನೇ ಮಹಾಯುದ್ಧದಲ್ಲಿ. ಉತ್ತರ ಆಫ್ರಿಕಾದ ಮರಳಿನಲ್ಲಿ ಚೈನು ಬೇಗ ಸವೆಯುತ್ತಿತ್ತು. ಜರ್ಮನ್ ಸೈನ್ಯದ ಬಿಎಂಡಬ್ಲ್ಯು ಆರ್75 ಮತ್ತು ತ್ಸುಂಡಾಪ್ ಕೆಎಸ್750 ಬೈಕುಗಳಿಗೆ ಶಾಫ್ಟ್ ಇತ್ತು, ಪಕ್ಕದ ಗಾಡಿಯ ಚಕ್ರಕ್ಕೂ ಎಂಜಿನ್ ಬಲ ಹೋಗುತ್ತಿತ್ತು. ಇದನ್ನು ಕಂಡು ಅಮೆರಿಕದ ಸೈನ್ಯ ಹಾರ್ಲಿ-ಡೇವಿಡ್‌ಸನ್ ಕಂಪನಿಗೆ ಅಂಥದ್ದೇ ಬೈಕು ಮಾಡಲು ಹೇಳಿತು. ಬಿಎಂಡಬ್ಲ್ಯು ಆರ್71 ನೋಡಿಕೊಂಡು ಹಾರ್ಲಿ ಎಕ್ಸ್‌ಎ ಎಂಬ ಬೈಕು ಮಾಡಿತು. ಸುಮಾರು ಸಾವಿರ ಬೈಕು ತಯಾರಾಗುವಷ್ಟರಲ್ಲಿ ಜೀಪು ಆ ಕೆಲಸವನ್ನೆಲ್ಲ ವಹಿಸಿಕೊಂಡಿತ್ತು. ಸೋವಿಯತ್ ರಷ್ಯಾವೂ ಅದೇ ಆರ್71 ನೋಡಿ ಎಂ-72 ಮಾಡಿತು. ಉರಲ್ ಬೈಕುಗಳ ವಂಶ ಶುರುವಾದದ್ದು ಅಲ್ಲಿಂದ.

ಸೈನ್ಯದ ಕಷ್ಟ ಬೇರೆ ಥರ. ಸಾವಿರಾರು ಗಾಡಿ, ಹತ್ತಾರು ಕಂಪನಿ. ಒಬ್ಬೊಬ್ಬರು ಒಂದೊಂದು ಎಣ್ಣೆ ಕೊಟ್ಟು ನಮ್ಮದೇ ಚಲೋ ಅಂದರೆ ಯುದ್ಧಭೂಮಿಯಲ್ಲಿ ಯಾರನ್ನು ನಂಬುವುದು? ಹಾಗಾಗಿ ಅಮೆರಿಕದ ಸೈನ್ಯ ಎಣ್ಣೆಗೆ ಪರೀಕ್ಷೆ ಇಟ್ಟಿತು. ನಿಜವಾದ ಆಕ್ಸಲಿಗೆ ಎಣ್ಣೆ ತುಂಬಿ, ಭಾರ ಹಾಕಿ, ಏಕಾಏಕಿ ಜಗ್ಗಿ, ಆಮೇಲೆ ಬಿಚ್ಚಿ ಹಲ್ಲು ನೋಡುವುದು. ಯುದ್ಧದ ನಂತರ ಬಂದ ಇಂಥ ಒಂದು ನಿಯಮಕ್ಕೆ ಎಂಐಎಲ್-ಎಲ್-2105 ಎಂದು ಹೆಸರು. ಅದಕ್ಕೆ ಸರಿಹೊಂದುವ ಎಣ್ಣೆಯೇ ಜಿಎಲ್-4. ಎಂಜಿನ್ನುಗಳ ಬಲ ಹೆಚ್ಚಿದಂತೆ 1960ರ ದಶಕದಲ್ಲಿ ಇನ್ನೂ ಕಠಿಣ ನಿಯಮ ಬಂತು, 2105-ಬಿ. ಅದಕ್ಕೆ ಸರಿಹೊಂದುವುದು ಜಿಎಲ್-5. ಇದರಲ್ಲಿ ಗಂಧಕ-ರಂಜಕದ ಮದ್ದು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು.

ಜಿಎಲ್ ಗುರುತು ಕೊಟ್ಟದ್ದು ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಜಿಎಲ್-1 ಅಂದರೆ ಮದ್ದು ಬೆರೆಸದ ಬರೀ ಎಣ್ಣೆ. ಜಿಎಲ್-4 ಮಧ್ಯಮ ಕೆಲಸಕ್ಕೆ. ಜಿಎಲ್-5 ಜೋರಾಗಿ ಉಜ್ಜುವ, ಏಟು ತಿನ್ನುವ ಹೈಪಾಯ್ಡ್ ಹಲ್ಲಿಗೆ. ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿ ಐದಕ್ಕೆ ಹೋದ ಹಾಗೆ ಇದು ಅಲ್ಲ. ಆ ನಂಬರ್ ಎಣ್ಣೆಯ ದರ್ಜೆ ಹೇಳುವುದಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸ ಹೇಳುತ್ತದೆ. ಕುಡುಗೋಲಿಗಿಂತ ಕೊಡಲಿ ದೊಡ್ಡದು, ಹಾಗಂತ ಕೊಡಲಿಯಿಂದ ಜೋಳ ಕೊಯ್ಯುತ್ತೇವಾ?

ತಿಮಿಂಗಿಲ ತೆತ್ತ ಬೆಲೆ

ಈ ಚರಿತ್ರೆಯಲ್ಲಿ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಭಾಗವಿದೆ. ಗಂಧಕವನ್ನು ಎಣ್ಣೆಯಲ್ಲಿ ನಿಲ್ಲಿಸಲು ಒಂದು ಒಳ್ಳೆಯ ವಾಹಕ ಬೇಕು. ಹಲವು ದಶಕ ಆ ಕೆಲಸಕ್ಕೆ ಬಳಸಿದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅದು ಹೆಸರಿಗೆ ಎಣ್ಣೆ, ಗುಣದಲ್ಲಿ ದ್ರವರೂಪದ ಮೇಣ. ಲೋಹಕ್ಕೆ ಚೆನ್ನಾಗಿ ಅಂಟುತ್ತದೆ, ಬಿಸಿಗೆ ಬೇಗ ಕೆಡುವುದಿಲ್ಲ. ಗೇರ್ ಎಣ್ಣೆಗೂ, ಆಟೊಮ್ಯಾಟಿಕ್ ಗೇರಿನ ಕಾರುಗಳ ಎಣ್ಣೆಗೂ ಇದನ್ನು ಬೆರೆಸುತ್ತಿದ್ದರು.

20ನೇ ಶತಮಾನದಲ್ಲಿ ಬೇಟೆಗೆ ಬಲಿಯಾದ ಸ್ಪರ್ಮ್ ತಿಮಿಂಗಿಲಗಳು ಏಳು ಲಕ್ಷಕ್ಕೂ ಹೆಚ್ಚು. ಎಲ್ಲವೂ ಗೇರಿಗಾಗಿ ಸತ್ತವಲ್ಲ. ಸಾಬೂನು, ಚರ್ಮ ಹದ ಮಾಡುವುದು, ಮೇಣ, ಹೀಗೆ ನೂರೆಂಟು ಬಳಕೆ ಇತ್ತು. ಆದರೂ ನೆಲದ ಮೇಲೆ ಓಡುವ ಗಾಡಿಯ ಹಲ್ಲು ಉಳಿಯಲು ಸಮುದ್ರದ ಪ್ರಾಣಿ ಸಾಯುತ್ತಿತ್ತು ಎಂಬುದು ನಿಜ.

1970ರಲ್ಲಿ ಅಮೆರಿಕ ಈ ತಿಮಿಂಗಿಲವನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಅದರ ಎಣ್ಣೆಯ ಆಮದು ನಿಂತಿತು. ಎಣ್ಣೆ ಕಂಪನಿಗಳು ಅನಿವಾರ್ಯವಾಗಿ ಬೇರೆ ದಾರಿ ಹುಡುಕಿದವು. ಕಾರ್ಖಾನೆಯಲ್ಲೇ ತಯಾರಿಸಿದ ರಾಸಾಯನಿಕಗಳು ಬಂದವು. ಹೊಹೊಬಾ ಎಂಬ ಮರುಭೂಮಿ ಗಿಡದ ಬೀಜದ ಎಣ್ಣೆಯೂ ಅದೇ ಥರದ ದ್ರವ ಮೇಣ ಎಂದು ತಿಳಿದಿದ್ದರಿಂದ ಆ ಬೆಳೆಗೆ ಬೇಡಿಕೆ ಬಂತು. ನಮ್ಮ ರಾಜಸ್ಥಾನದಲ್ಲೂ ಅದನ್ನು ಬೆಳೆಯುತ್ತಾರೆ. ತಿಮಿಂಗಿಲ ಇಲ್ಲದೆ ಗೇರು ಓಡುವುದಿಲ್ಲ ಎನ್ನುತ್ತಿದ್ದ ಮಾತು ಕೆಲವೇ ವರ್ಷದಲ್ಲಿ ಸುಳ್ಳಾಯಿತು. ಕಾನೂನು ಬರುವ ಮೊದಲೂ ಹುಡುಕಬಹುದಿತ್ತು, ಯಾರೂ ಮನಸ್ಸು ಮಾಡಿರಲಿಲ್ಲ.

ಅದೇ ಕಾಲಕ್ಕೆ ಶಾಫ್ಟ್ ಬೈಕುಗಳೂ ಮತ್ತೆ ಬೆಳೆದವು. ಇಟಲಿಯ ಮೋಟೊ ಗುಜ್ಜಿ 1967ರಲ್ಲಿ ವಿ7 ಮಾರಿತು. ಹೋಂಡಾ ಗೋಲ್ಡ್ ವಿಂಗ್ 1975ರ ಹೊತ್ತಿಗೆ ಬಂತು. 1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್ ಬಂದ ಮೇಲೆ ದೇಶದಿಂದ ದೇಶಕ್ಕೆ ಹೋಗುವ ಸವಾರರು ಶಾಫ್ಟ್ ಬೈಕನ್ನು ನೆಚ್ಚಿಕೊಂಡರು. ನಮ್ಮಲ್ಲಿ ಬುಲೆಟ್, ಮೈಸೂರಿನ ಜಾವಾ ಎಲ್ಲವೂ ಚೈನಿನವೇ. ಚೈನು ಅಗ್ಗ, ಹಗುರ, ಬಲವೂ ಕಡಿಮೆ ಪೋಲಾಗುತ್ತದೆ. ಹಾಗಾಗಿ ಶಾಫ್ಟ್ ಬೈಕು ನಮಗೆ ಅಪರೂಪ.

‘90’ ಎಂಬ ಗುರುತು

ಇದು ಎಣ್ಣೆಯ ದಪ್ಪದ ಲೆಕ್ಕ. ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಘ ಕೊಟ್ಟದ್ದು. ಎಂಜಿನ್ ಎಣ್ಣೆಗೂ ಗೇರ್ ಎಣ್ಣೆಗೂ ಆ ಸಂಘ ಬೇರೆ ಬೇರೆ ಅಳತೆಗೋಲು ಇಟ್ಟಿದೆ. ಒಂದಕ್ಕೊಂದು ಗೊಂದಲ ಆಗಬಾರದೆಂದು ಗೇರ್ ಎಣ್ಣೆಗೆ ದೊಡ್ಡ ನಂಬರ್. ಆದರೆ ಗೊಂದಲ ಆಗಿದ್ದು ಅದರಿಂದಲೇ. 90 ಅಂದರೆ 40ರ ಎರಡು ಪಟ್ಟಿಗಿಂತ ದಪ್ಪ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ನೂರು ಡಿಗ್ರಿ ಬಿಸಿಯಲ್ಲಿ 90ರ ಗೇರ್ ಎಣ್ಣೆ, 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ದಪ್ಪ. ವ್ಯತ್ಯಾಸ ಇರುವುದು ಒಳಗಿನ ಮದ್ದಿನಲ್ಲಿ.

80ಡಬ್ಲ್ಯು-90 ಎಂದಿದ್ದರೆ ‘ಡಬ್ಲ್ಯು’ ಚಳಿಗಾಲದ ಗುರುತು. 80ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ, 75ಡಬ್ಲ್ಯುವನ್ನು 40 ಡಿಗ್ರಿ ಕೆಳಗೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ಮೇಲೇ ಇರುವ ನಮಗೆ ಆ ಮೊದಲ ನಂಬರಿನಿಂದ ದೊಡ್ಡ ವ್ಯತ್ಯಾಸವಿಲ್ಲ. ನಾವು ನೋಡಬೇಕಾದದ್ದು ಕೊನೆಯ ನಂಬರ್.

ಹಾಗಾದರೆ ಯಾವ ಎಣ್ಣೆ?

ಆ ಪ್ರವಾಸಿಯ ಬಳಿ ಬೈಕಿನ ಪುಸ್ತಕ ಇತ್ತು. ಅಂಚು ಹರಿದು, ಎಣ್ಣೆ ಕಲೆಯಾಗಿತ್ತು. ಅದರಲ್ಲಿ ಬರೆದದ್ದು: ಹೈಪಾಯ್ಡ್ ಗೇರ್ ಎಣ್ಣೆ, ಜಿಎಲ್-5, ಹವೆ 5 ಡಿಗ್ರಿಗಿಂತ ಮೇಲಿದ್ದರೆ ಎಸ್‌ಎಇ 90. ಮಿಸ್ತ್ರಿ ಲಾರಿ ಎಣ್ಣೆಯ ಡಬ್ಬಿ ತಿರುಗಿಸಿ ಗುರುತು ತೋರಿಸಿದ. ಮೂರೂ ತಾಳೆಯಾದವು. ಪ್ರವಾಸಿ ಹೆಬ್ಬೆರಳೆತ್ತಿದರು.

ಶಾಫ್ಟ್ ಬೈಕು ಇರುವವರಿಗೆ, ಅಥವಾ ಅಂಥ ಬೈಕು ಗ್ಯಾರೇಜಿಗೆ ಬಂದವರಿಗೆ ನಾನು ಕಲಿತದ್ದು ಇಷ್ಟು.

ಮೊದಲು ಪುಸ್ತಕ ನೋಡಿ. ಎಲ್ಲ ಶಾಫ್ಟ್ ಬೈಕಿಗೂ ಒಂದೇ ಎಣ್ಣೆ ಅಲ್ಲ. ಹೋಂಡಾ ಗೋಲ್ಡ್ ವಿಂಗ್ ಕೇಳುವುದು ಎಸ್‌ಎಇ 80 ಹೈಪಾಯ್ಡ್ ಎಣ್ಣೆ. ಹಳೆಯ ಯಮಹಾ ಶಾಫ್ಟ್ ಬೈಕುಗಳ ಪುಸ್ತಕದಲ್ಲಿ ಎಸ್‌ಎಇ 80, ಜಿಎಲ್-4 ಹೈಪಾಯ್ಡ್ ಎಂದಿರುತ್ತದೆ. ಹಳೆಯ ಮೋಟೊ ಗುಜ್ಜಿಗಳಿಗೆ 230 ಮಿಲಿ ಎಣ್ಣೆಯ ಜೊತೆ 20 ಮಿಲಿ ಮಾಲಿಬ್ಡಿನಂ ಮದ್ದು ಸೇರಿಸಲು ಹೇಳಿರುತ್ತದೆ. ಗುಜ್ಜಿಗೆ ಹೇಳಿದ್ದು ಬಿಎಂಡಬ್ಲ್ಯುಗೆ ಹಾಕಬೇಡಿ.

ಎರಡನೆಯದು, ಕೋಣೆಗಳನ್ನು ಎಣಿಸಿ. ಹಳೆಯ ಬಿಎಂಡಬ್ಲ್ಯುನಲ್ಲಿ ಎಂಜಿನ್, ಗೇರ್‌ಬಾಕ್ಸ್, ಶಾಫ್ಟಿನ ಕೊಳವೆ, ಹಿಂದಿನ ಡಬ್ಬಿ ನಾಲ್ಕಕ್ಕೂ ಬೇರೆ ಬೇರೆ ಎಣ್ಣೆ ಬಾಯಿ. ಅದರ ಗೇರ್‌ಬಾಕ್ಸಿಗೂ ಜಿಎಲ್-5 ಆಗುತ್ತದೆ. ಬೈಕಿನ ಗೇರ್‌ಬಾಕ್ಸಿನಲ್ಲಿ ಜೀಪಿನಂಥ ಹಿತ್ತಾಳೆ ಬಳೆ ಇಲ್ಲ, ಕ್ಲಚ್ಚೂ ಎಣ್ಣೆಯಲ್ಲಿ ಮುಳುಗಿಲ್ಲ. ಆದರೆ ಜಪಾನಿನ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಂಜಿನ್ ಎಣ್ಣೆಯಲ್ಲಿ ಓಡುತ್ತವೆ. ಅಲ್ಲಿ ಗೇರ್ ಎಣ್ಣೆ ಹಾಕಿದರೆ ಕ್ಲಚ್ಚು ಕೆಟ್ಟಂತೆ. ಹೈಪಾಯ್ಡ್ ಎಣ್ಣೆ ಹಿಂದಿನ ಡಬ್ಬಿಗೆ ಮಾತ್ರ.

ಮೂರನೆಯದು, ಟ್ರ್ಯಾಕ್ಟರ್ ಎಣ್ಣೆ, ಹಳೇ ಎಂಜಿನ್ ಎಣ್ಣೆ ಬೇಡ. ಟ್ರ್ಯಾಕ್ಟರಿನ ಎಣ್ಣೆ ಬ್ರೇಕಿನ ಹಿಡಿತಕ್ಕೂ ಹೈಡ್ರಾಲಿಕ್ಕಿಗೂ ಹೊಂದುವಂತೆ ಮಾಡಿದ್ದು. ಹೈಪಾಯ್ಡ್ ಹಲ್ಲಿನ ಒತ್ತಡ ತಡೆಯುವಷ್ಟು ಮದ್ದು ಅದರಲ್ಲಿ ಇರುವುದಿಲ್ಲ.

ನಾಲ್ಕನೆಯದು, ಅಳತೆ. ಹೆಚ್ಚಿನ ಶಾಫ್ಟ್ ಬೈಕುಗಳ ಹಿಂದಿನ ಡಬ್ಬಿಗೆ ಬೇಕಾಗುವುದು ಕಾಲು ಲೀಟರಿನ ಆಸುಪಾಸು, ಕೆಲವಕ್ಕೆ ಇನ್ನೂ ಕಡಿಮೆ. ಇಷ್ಟು ಕಡಿಮೆ ಎಣ್ಣೆಯಲ್ಲಿ ಸ್ವಲ್ಪ ಸೋರಿದರೂ ಹಲ್ಲು ಒಣಗುತ್ತದೆ. ಜಾಸ್ತಿ ತುಂಬಿದರೆ ಬಿಸಿಗೆ ಉಬ್ಬಿ ಆಯಿಲ್ ಸೀಲ್ ಒತ್ತಿ ಹೊರಬರುತ್ತದೆ, ಹಿಂದಿನ ಬ್ರೇಕಿಗೆ ಇಳಿದರೆ ಜೀವಕ್ಕೇ ಅಪಾಯ.

ಐದನೆಯದು, ತೆಗೆದ ಎಣ್ಣೆ ನೋಡಿ. ಬೂದಿಯಂಥ ನಯವಾದ ಪುಡಿ ಸಹಜ ಸವೆತ. ಕೈಗೆ ಚುಚ್ಚುವ ಚೂರು ಬಂದರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ.

ಶಾಫ್ಟ್ ಬೈಕು ಇಲ್ಲದವರಿಗೂ ಇದರಲ್ಲಿ ಕೆಲಸವಿದೆ. ಊರಿನ ಜೀಪು, ಲಾರಿ, ಪಿಕಪ್ ಎಲ್ಲದರ ಹಿಂದೆಯೂ ಇದೇ ಕ್ರೌನ್-ಪಿನಿಯನ್ ತಿರುಗುತ್ತಿದೆ. ಅಂಗಡಿಗೆ ಹೋಗಿ ‘ಗೇರ್ ಆಯಿಲ್ ಕೊಡಿ’ ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಗೇರ್‌ಬಾಕ್ಸಿಗೋ ಆಕ್ಸಲಿಗೋ ಹೇಳಿ, ದಪ್ಪದ ನಂಬರ್ ಹೇಳಿ, ಜಿಎಲ್ ನಂಬರ್ ಹೇಳಿ. ಡಬ್ಬಿ ತಿರುಗಿಸಿ ಓದಿ ತೆಗೆದುಕೊಳ್ಳಿ.

ಮೊನ್ನೆ ಆ ಗ್ಯಾರೇಜಿಗೆ ಹೋಗಿ ಮಿಸ್ತ್ರಿಗೆ ಇಷ್ಟನ್ನೂ ಹೇಳಿದೆ. ಗಂಧಕ ಹಿತ್ತಾಳೆ ತಿನ್ನುತ್ತದೆ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಡಬ್ಬಿ ಇಡುವ ಹಲಗೆಯ ಮೇಲೆ ಒಂದು ಕಡೆ ‘ಗೇರ್‌ಬಾಕ್ಸ್ 4’, ಇನ್ನೊಂದು ಕಡೆ ‘ಆಕ್ಸಲ್ 5’ ಅಂತ ಬರೆದ. “ಬೀಗರಿಗೂ ಒಂದು ಫೋನ್ ಮಾಡಿ ಹೇಳ್ರಿ, ನಾ ಬೇಕಂತ ಕೆಡಿಸಿಲ್ಲ ಅಂತ” ಅಂದ. ಮಾಡಿ ಹೇಳಿದೆ.